ಬೀರುವಿನ ಬೀಗ ತೆಗೆಯೋಣ



ಶಾಲೆಗೆ ಐವತ್ತು ತುಂಬಿತು, ಏನಾದರೂ ಕೊಡಬೇಕು ಎಂಬ ಮಾತು ಬಂದಾಗ ಹಲವರು ಕಂಪ್ಯೂಟರ್ ಎಂದರು. ಸಾಫ್ಟ್‌ವೇರ್ ಕೆಲಸದವನೆಂದು ನನ್ನ ಕಡೆ ನೋಡಿದರು. ನಾನು ಮಕ್ಕಳ ಪುಸ್ತಕ ಕೂಟ ಎಂದೆ. ಬಿ.ಇ. ಸೇರಿದಾಗ ನನಗೆ ಇಂಗ್ಲಿಷ್ ಕಷ್ಟವಾಗಿತ್ತು. ಆದರೆ ಅರ್ಥವಾಗದ ಪುಟವನ್ನು ಮೂರು ಸಲ ಓದುವ ತಾಳ್ಮೆ ಇತ್ತು. ಅದು ಇಲ್ಲಿ ಓದಿದ ಕನ್ನಡ ಪುಸ್ತಕಗಳಿಂದ ಬಂದದ್ದು.

ಕಳೆದ ಜೂನ್‌ನಿಂದ ತಿಂಗಳಿಗೆ ಎರಡು ಶನಿವಾರ, ಬೆಳಗಿನ ತರಗತಿ ಮುಗಿದ ಮೇಲೆ, ಎಂಟನೇ ತರಗತಿಯ ಹದಿನಾಲ್ಕು ಮಕ್ಕಳು ಕನ್ನಡ ಮೇಷ್ಟ್ರ ಜೊತೆ ಕೂರುತ್ತಿದ್ದಾರೆ. ಊರಿಗೆ ಬಂದಾಗ ನಾನೂ ಕೂರುತ್ತೇನೆ. ಮೊದಲ ದಿನವೇ ಒಬ್ಬ ಕೇಳಿದ, "ಸಾರ್, ಇದು ಪರೀಕ್ಷೆಗೆ ಬರುತ್ತಾ?" ಇಲ್ಲ ಎಂದಾಗ ಇಬ್ಬರು ಎದ್ದು ಹೋದರು. ತೇಜಸ್ವಿಯವರ 'ಪರಿಸರದ ಕತೆ'ಯ ನಾಯಿ ಕಿವಿಯ ವಿಷಯ ಗೆಳೆಯರಿಂದ ಕೇಳಿ ಮೂರನೇ ಸಲಕ್ಕೆ ತಾವೇ ವಾಪಸು ಬಂದರು.

ನಮ್ಮ ನಿಯಮ ಕಡಿಮೆ. ಇಷ್ಟವಾಗದ ಪುಸ್ತಕವನ್ನು ಅರ್ಧಕ್ಕೆ ಬಿಡಬಹುದು. ಪ್ರಶ್ನೋತ್ತರ ಬರೆಸುವುದಿಲ್ಲ. ಓದಿದವರು ಐದು ನಿಮಿಷ ಹೇಳಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಓದಲು ತಡವರಿಸುವವರಿಗೆ ಪಕ್ಕದವರು ಗಟ್ಟಿಯಾಗಿ ಓದಿ ಹೇಳುತ್ತಾರೆ. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಬರೆಯುವವರೂ ಮಕ್ಕಳೇ.

ಪುಸ್ತಕ ಕಳೆದರೆ ಉತ್ತರ ಹೇಳಬೇಕಾದವರು ಶಿಕ್ಷಕರು. ಹಾಗಾಗಿಯೇ ಎಷ್ಟೋ ಶಾಲೆಗಳಲ್ಲಿ ಬೀರುವಿಗೆ ಬೀಗ ಬೀಳುತ್ತದೆ. ಅವರನ್ನು ದೂರಿ ಫಲವಿಲ್ಲ. ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗೆ ಎಂಬುದೇ ಮೊದಲನೆಯದರ ಸಾರ. ಆದ್ದರಿಂದ ಕೂಟದ ಪುಸ್ತಕಗಳು ಶಾಲೆಯ ದಾಸ್ತಾನಿಗೆ ಸೇರುವುದು ಬೇಡ, ಹಳೆಯ ವಿದ್ಯಾರ್ಥಿಗಳ ಹೆಸರಿನಲ್ಲೇ ಇರಲಿ. ಹರಿದರೆ, ಕಳೆದರೆ ನಷ್ಟ ನಮ್ಮದು. ಮಕ್ಕಳಿಂದ ದಂಡ ವಸೂಲಿ ಬೇಡ. ದಂಡಕ್ಕೆ ಹೆದರುವ ಮಗು ಪುಸ್ತಕ ಮುಟ್ಟುವುದೇ ಇಲ್ಲ.

ಬೇರೆ ದಾರಿಗಳೂ ಇವೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್'ನಲ್ಲಿ ಕನ್ನಡ ಕತೆಗಳನ್ನು ದುಡ್ಡಿಲ್ಲದೆ ಓದಬಹುದು, ಮುದ್ರಿಸಿಕೊಳ್ಳಲೂಬಹುದು.

ತಾಯಂದಿರಲ್ಲಿ ಒಂದು ವಿನಂತಿ. ಕೂಟದಲ್ಲಿ ಒಂಬತ್ತು ಜನ ಹೆಣ್ಣುಮಕ್ಕಳಿದ್ದಾರೆ. ಶನಿವಾರ ಮಧ್ಯಾಹ್ನ ಮನೆಗೆ, ಹೊಲಕ್ಕೆ ಅವರ ಕೈ ಬೇಕೆಂದು ನನಗೆ ಗೊತ್ತು. ಆದರೂ ಆ ಒಂದು ಗಂಟೆ ಅವರಿಗೆ ಬಿಟ್ಟುಕೊಡಿ.

ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ಪುಸ್ತಕ ಕೊಡಿ, ಒಂದು ಶನಿವಾರ ಬಂದು ಮಕ್ಕಳ ಮಾತು ಕೇಳಿ. ಮುಂದಿನ ಜೂನ್‌ಗೆ ಒಂಬತ್ತನೇ ತರಗತಿಗೂ ಕೂಟ ಆಗಬೇಕು. ಹೆಸರು ಕೊಡುವವರು ಕಾರ್ಯಕ್ರಮ ಮುಗಿದ ಮೇಲೆ ಕನ್ನಡ ಮೇಷ್ಟ್ರನ್ನು ಕಾಣಬಹುದು.