ಒಂದು ಚದರ ಮೀಟರ್ ಬಿಸಿಲಿಗೆ ಎಷ್ಟು ನೀರು?



ವಿಜ್ಞಾನ ಮೇಳಗಳಲ್ಲಿ ನಮ್ಮ ಮಕ್ಕಳು ತಂದಿಡುವ ಮಾದರಿಗಳಲ್ಲಿ ಒಂದು ಬಹುಮಟ್ಟಿಗೆ ತಪ್ಪುವುದಿಲ್ಲ: ಕಪ್ಪು ಬಣ್ಣ ಬಳಿದ ತಟ್ಟೆ, ಅದರ ಮೇಲೆ ಓರೆಯಾಗಿ ಮುಚ್ಚಿದ ಗಾಜು, ಗಾಜಿನ ಒಳಮೈಯಲ್ಲಿ ಕೂಡಿದ ಹನಿಗಳು. ಉಪ್ಪುನೀರಿನಿಂದ ಸಿಹಿನೀರು ಬರುವುದನ್ನು ಕಂಡು ಎಲ್ಲರೂ ಮೆಚ್ಚುತ್ತಾರೆ. ಆದರೆ ಇದರಿಂದ ದಿನಕ್ಕೆ ಎಷ್ಟು ಜನ ನೀರು ಕುಡಿದಾರು ಎಂದು ಕೇಳುವವರು ವಿರಳ. ರಾಯದುರ್ಗದ ಸೀಮೆಯ ಮಗುವಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಅನಂತಪುರ ಜಿಲ್ಲೆಯಲ್ಲಿ ಅಂತರ್ಜಲದ ಫ್ಲೋರೈಡ್ ಮಿತಿಮೀರಿದ ಊರುಗಳು ಅನೇಕ. ಅಂಥ ನೀರನ್ನು ಬಹುಕಾಲ ಕುಡಿದವರ ಹಲ್ಲಿನ ಕಲೆಯನ್ನೂ ಕೀಲುಗಳ ಬಿಗಿತವನ್ನೂ ಆ ಮಗು ತನ್ನ ಮನೆಯಲ್ಲಿಯೇ ಕಂಡಿರಬಹುದು. ಆದುದರಿಂದ ಬಿಸಿಲು ಮಂಜುಗಳಿಂದ ನೀರು ಪಡೆಯುವ ಸಾಧನಗಳನ್ನು ಇಂದು ವರ್ಣಿಸುವುದಕ್ಕಿಂತ, ಅವುಗಳ ಲೆಕ್ಕವನ್ನು ನಿಮ್ಮೊಡನೆ ಮಾಡಿನೋಡಲು ಬಯಸುತ್ತೇನೆ.

ಬಯಲುಸೀಮೆಯಲ್ಲಿ ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 5 ಕಿಲೋವಾಟ್-ಗಂಟೆ, ಅಂದರೆ 18,000 ಕಿಲೋಜೂಲ್ ಶಕ್ತಿ ಬೀಳುತ್ತದೆ. ಪೆಟ್ಟಿಗೆಯೊಳಗಿನ ಬಿಸಿಯಲ್ಲಿ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬೇಕು. ಭಾಗಿಸಿದರೆ ಏಳೂವರೆ ಲೀಟರ್. ಆವಿಯ ಶಾಖವನ್ನು ಮರಳಿ ಬಳಸದ ಸರಳ ಪೆಟ್ಟಿಗೆಗೆ ಇದು ಮೇಲ್ಮಿತಿ. ಯಾವ ಜಾಣ್ಮೆಯೂ ಇದನ್ನು ದಾಟಿಸಲಾರದು. ಗಾಜು ಒಂದಿಷ್ಟು ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ, ಪೆಟ್ಟಿಗೆಯ ಬದಿಗಳಿಂದ ಬಿಸಿ ಸೋರುತ್ತದೆ, ಕೆಲವು ಹನಿಗಳು ಮರಳಿ ತಟ್ಟೆಗೇ ಬೀಳುತ್ತವೆ. ಹೀಗಾಗಿ ಕೈಗೆ ದೊರೆಯುವುದು 2ರಿಂದ 4 ಲೀಟರ್. ಗುಪ್ತೋಷ್ಣದ ಪಾಠ ಓದಿದ ಯಾವ ವಿದ್ಯಾರ್ಥಿಯೂ ಈ ಭಾಗಾಕಾರವನ್ನು ಮಾಡಬಲ್ಲನು. ಪಾಠದ ಕೊನೆಯಲ್ಲಿ ಕೊಡುವ ಲೆಕ್ಕಗಳಿಗಿಂತ ಇದು ಅವನಿಗೆ ಹತ್ತಿರದ್ದೂ ಹೌದು.

ಈ ಪೆಟ್ಟಿಗೆ ಆಟಿಕೆಯಲ್ಲ ಎಂಬುದನ್ನು 1872ರಲ್ಲಿಯೇ ತೋರಿಸಿಕೊಟ್ಟದ್ದು ಚಿಲಿ ದೇಶದ ಲಾಸ್ ಸಲಿನಾಸ್. ಮಳೆಯೆಂಬುದೇ ಅಪರೂಪವಾದ ಅಟಕಾಮ ಮರುಭೂಮಿಯಲ್ಲಿ ಪೆಟ್ಲುಪ್ಪಿನ ಗಣಿ. ಅಲ್ಲಿನ ಬಾವಿಗಳ ನೀರು ಕುಡಿಯಲಾಗದಷ್ಟು ಉಪ್ಪು. ಚಾರ್ಲ್ಸ್ ವಿಲ್ಸನ್ ಎಂಬ ಇಂಜಿನಿಯರರು ಮರದ ತೊಟ್ಟಿಗಳ ತಳಕ್ಕೆ ಕಪ್ಪು ಬಣ್ಣ ಕೊಟ್ಟು, ಮೇಲೆ ಇಳಿಜಾರಾದ ಗಾಜು ಹೊದಿಸಿ, ಸುಮಾರು 4,700 ಚದರ ಮೀಟರ್ ವಿಸ್ತಾರದಲ್ಲಿ ಸಾಲುಗಟ್ಟಿ ಇರಿಸಿದರು. ಒಳ್ಳೆಯ ದಿನಗಳಲ್ಲಿ ಸುಮಾರು 23,000 ಲೀಟರ್ ಸಿಹಿನೀರು ಬರುತ್ತಿತ್ತು. ಚದರ ಮೀಟರಿಗೆ ಎಷ್ಟಾಯಿತು ನೋಡಿ: ಐದಕ್ಕೆ ತುಸು ಕಡಿಮೆ. ಮೋಡವಿಲ್ಲದ ಅಟಕಾಮದ ಬಿಸಿಲಿಗೆ ನಮ್ಮ ಭಾಗಾಕಾರ ಸರಿಯಾಗಿಯೇ ಹೊಂದುತ್ತದೆ. ಗಣಿಯ ಕಾರ್ಮಿಕರೂ ಹೇಸರಗತ್ತೆಗಳೂ ಹಲವು ದಶಕ ಆ ನೀರನ್ನೇ ಕುಡಿದವು.

ಅದೇ ಚಿಲಿಯ ಕಡಲಕರೆಯ ಚುಂಗುಂಗೊ ಎಂಬ ಮೀನುಗಾರರ ಊರಿನ ಕತೆ ಮತ್ತೊಂದು ಬಗೆಯದು. ಊರಿಗೆ ನೀರು ಲಾರಿಯಲ್ಲಿ ಬರಬೇಕಿತ್ತು. ಊರ ಮೇಲಿನ ಎಲ್ ತೋಫೊ ಬೆಟ್ಟವನ್ನೋ ಕಡಲಿನಿಂದೆದ್ದ ದಟ್ಟ ಮಂಜು ದಿನವೂ ಸವರಿಕೊಂಡು ಹೋಗುತ್ತಿತ್ತು. ಬೆಟ್ಟದ ನೆತ್ತಿಯಲ್ಲಿ ಕಂಬಗಳ ನಡುವೆ ಪ್ಲಾಸ್ಟಿಕ್ ಬಲೆಗಳನ್ನು ಬಿಗಿದರು. ಒಂದೊಂದು ಬಲೆ 48 ಚದರ ಮೀಟರ್, ಸುಮಾರು ನೂರು ಬಲೆಗಳು. ಗಾಳಿ ಮಂಜನ್ನು ಬಲೆಯ ಮೂಲಕ ತಳ್ಳುತ್ತದೆ, ನೂಲಿಗೆ ತಗುಲಿದ ತುಂತುರು ಹನಿಗೂಡಿ ಕೆಳಗಿನ ದೋಣಿಗೆ ಇಳಿಯುತ್ತದೆ, ಅಲ್ಲಿಂದ ಕೊಳವೆಯಲ್ಲಿ ತಾನಾಗಿಯೇ ಊರಿಗೆ ಹರಿಯುತ್ತದೆ. ಪಂಪಿಲ್ಲ, ಇಂಧನವಿಲ್ಲ. 1992ರಿಂದ ದಿನಕ್ಕೆ ಸರಾಸರಿ 15,000 ಲೀಟರ್ ನೀರು ಮನೆಗಳನ್ನು ತಲುಪಿತು. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಬಲೆಗಳು ಹರಿದವು, ಹೊಲಿಯುವವರಿರಲಿಲ್ಲ. ಊರು ಬೆಳೆದಿತ್ತು, ಜನರಿಗೆ ಬೇರೆ ವ್ಯವಸ್ಥೆಯ ಮೇಲೆ ಆಸೆ ಹುಟ್ಟಿತ್ತು. ಲಾರಿ ಮರಳಿ ಬಂತು. ಪಾಠ ಹೇಳುವಾಗ ನಾವು ಸಾಮಾನ್ಯವಾಗಿ ಬಲೆ ಕಟ್ಟಿದಲ್ಲಿಗೆ ಕತೆಯನ್ನು ನಿಲ್ಲಿಸಿಬಿಡುತ್ತೇವೆ. ನನ್ನ ಮಟ್ಟಿಗೆ ಮುಂದಿನ ಹತ್ತು ವರ್ಷವೇ ಹೆಚ್ಚು ಬೋಧಪ್ರದ.

ಇನ್ನು ಕಾಸರಗೋಡಿನವರಿಗೆ ಹೊರಗಿನ ನಿದರ್ಶನ ಬೇಕಿಲ್ಲ. ಪಠ್ಯಪುಸ್ತಕದಲ್ಲಿ ಸುರಂಗವೆಂದರೆ ರೈಲು ಹೋಗುವ ದಾರಿ. ಬಾಯಾರು, ಶೇಣಿ, ಪಡ್ರೆ ಕಡೆಯ ಮಗುವಿಗೆ ಅದು ನೀರಿನ ಮನೆ. ಮುರಕಲ್ಲಿನ ಗುಡ್ಡದ ಬದಿಗೆ ಆಳು ನಡೆಯುವಷ್ಟು ಎತ್ತರಕ್ಕೆ, ಪಿಕ್ಕಾಸು ಬೀಸುವಷ್ಟೇ ಅಗಲಕ್ಕೆ, ಒಳಗೊಳಗೆ ಅಗೆಯುತ್ತಾ ಹೋಗಿ ಒಸರನ್ನು ಹಿಡಿಯುತ್ತಾರೆ. ಹೊರಬಾಯಿಯ ಕಡೆಗೆ ಸ್ವಲ್ಪ ಇಳಿಜಾರು, ಅಷ್ಟೆ; ನೀರನ್ನು ತರುವ ಕೆಲಸ ಭೂಮಿಯ ಸೆಳೆತದ್ದು. ಮೊದಲು ಅದನ್ನು ಅಡಿಕೆ ಮರದ ದಂಬೆಯಲ್ಲಿ ತೋಟದ ಕೆರೆಗೆ ಹಾಯಿಸುತ್ತಿದ್ದರು. ನೆರೆಯ ದಕ್ಷಿಣ ಕನ್ನಡದಲ್ಲಿ ಅಮೈ ಮಹಾಲಿಂಗ ನಾಯ್ಕರು ದಿನದ ಕೂಲಿ ಮುಗಿಸಿ, ದೀಪದ ಬೆಳಕಿನಲ್ಲಿ ಒಬ್ಬರೇ ಅಗೆದರು. ಒಂದಾದಮೇಲೊಂದು ಸುರಂಗ ಬರಿದಾಗಿ ಹೋದರೂ ಬಿಡದೆ ಕೊನೆಗೆ ನೀರು ಕಂಡರು, ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗವನ್ನು ಅಗೆದವರಿಗೆ ಅದನ್ನು ದುರಸ್ತಿ ಮಾಡುವುದೂ ಗೊತ್ತು. ಚುಂಗುಂಗೊದಲ್ಲಿ ಇಲ್ಲದೆ ಹೋದದ್ದು ಇದೇ. ಆದರೆ ಕೊಳವೆಬಾವಿ ಬಂದ ಮೇಲೆ ಇಲ್ಲಿಯೂ ಅಗೆಯುವ ಕೈಗಳು ಕಡಿಮೆಯಾಗುತ್ತಿವೆ.

ತರಗತಿಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ರಾಯದುರ್ಗ, ಆದವಾನಿ, ಜತ್ತ, ಅಕ್ಕಲಕೋಟೆಯ ಶಾಲೆಗಳು ಅರ್ಧ ಮೀಟರ್ ಉದ್ದಗಲದ ಪೆಟ್ಟಿಗೆ ಮಾಡಲಿ; ಅದು ಚದರ ಮೀಟರಿನ ಕಾಲು ಭಾಗ. ಸಂಜೆ ಬಂದ ನೀರನ್ನು ಅಳೆದು ಪ್ರತಿದಿನ ಬರೆದಿಡಲಿ. ಬಣ್ಣ ಬಳಿದ ತಟ್ಟೆಯ ನೀರನ್ನು ಮಕ್ಕಳು ಕುಡಿಯದಂತೆ ಎಚ್ಚರವಿರಲಿ, ಅದು ಅಳತೆಗೆ ಮಾತ್ರ. ಒಂದು ವಾರ ಗಾಜನ್ನು ಒರೆಸಲಿ, ಮರುವಾರ ಧೂಳು ಕೂರಲು ಬಿಡಲಿ. ವ್ಯತ್ಯಾಸವನ್ನು ಅಂಕಿಯೇ ಹೇಳುತ್ತದೆ. ಕುಡಿಯಲು, ಅಡುಗೆಗೆ ತಲೆಗೆ 5 ಲೀಟರಿನಂತೆ ಐದು ಮಂದಿಯ ಮನೆಗೆ 25 ಲೀಟರ್ ಬೇಕು. ಚದರ ಮೀಟರಿಗೆ 3 ಲೀಟರ್ ಎಂದು ಹಿಡಿದರೆ ಎಂಟು ಚದರ ಮೀಟರಿಗೂ ಹೆಚ್ಚು ಗಾಜು. ತಾರಸಿಯಲ್ಲಿ ಅಷ್ಟು ಜಾಗವಿದೆಯೇ, ದಿನವೂ ಒರೆಸುವವರು ಯಾರು ಎಂಬ ಚರ್ಚೆಯನ್ನು ಮಕ್ಕಳಿಗೇ ಬಿಡೋಣ. ಫ್ಲೋರೈಡ್ ತಟ್ಟೆಯಲ್ಲಿಯೇ ಉಳಿಯುವುದರಿಂದ ಕುಡಿಯುವ ನೀರಿಗೆ ಈ ಶ್ರಮ ಸಾರ್ಥಕ, ಬಟ್ಟೆ ಒಗೆಯಲು ಖಂಡಿತ ಅಲ್ಲ ಎಂಬುದು ನನ್ನ ಅಭಿಪ್ರಾಯ, ಅವರು ಒಪ್ಪಬೇಕೆಂದಿಲ್ಲ.

ಕಾಸರಗೋಡಿನ ಮಕ್ಕಳು ಮಾರ್ಚ್ ತಿಂಗಳಲ್ಲಿ ಒಂದು ಬಕೆಟ್ಟನ್ನೂ ಗಡಿಯಾರವನ್ನೂ ಹಿಡಿದು, ಹಿರಿಯರೊಡನೆ ಸುರಂಗದ ಹೊರಬಾಯಿಯಲ್ಲಿ ನಿಲ್ಲಲಿ. ಒಳಗೆ ಹೋಗುವುದು ಬೇಡ. ಹತ್ತು ಲೀಟರ್ ತುಂಬಲು 4 ನಿಮಿಷ ಹಿಡಿದರೆ ದಿನಕ್ಕೆ 3,600 ಲೀಟರ್. ಅಷ್ಟು ನೀರಿಗೆ ಎಷ್ಟು ಗಾಜು ಬೇಕಾದೀತೆಂದು ಆದವಾನಿಯ ಶಾಲೆಗೆ ಒಂದು ಕಾಗದ ಬರೆದು ಕೇಳಲಿ.