ಎದೆನೋವಿಗೆ ಆಸ್ಪತ್ರೆ ಎಷ್ಟು ನಿಮಿಷ ದೂರ?

(ಹಾಲು ಉತ್ಪಾದಕರ ಸಹಕಾರ ಸಂಘವೊಂದರ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರಿಗೆ ಮನುಷ್ಯರ ಹೃದಯದ ಉಸಾಬರಿ ಏಕೆ ಎಂದು ಹಿಂದೆ ಯಾರೋ ನಕ್ಕರು. ಕಾರಣವಿದೆ. ಹೋದ ವರ್ಷ ಕಾಲುಬಾಯಿ ಲಸಿಕೆಗೆಂದು ಹೋಗಿದ್ದ ಹಳ್ಳಿಯಲ್ಲಿ, ಬೆಳಿಗ್ಗೆ ಹಾಲು ಹಾಕಿ ಬಂದ ಸದಸ್ಯರೊಬ್ಬರು ಎದೆ ಹಿಡಿದು ಡೇರಿ ಜಗಲಿಯ ಮೇಲೆ ಕುಳಿತರು. ಗ್ಯಾಸ್ ಇರಬೇಕೆಂದು ಸೋಡಾ ಕುಡಿಸಿದೆವು. ಕುಡಿಸಿದವರಲ್ಲಿ ನಾನೂ ಒಬ್ಬ. ತಾಲ್ಲೂಕು ಆಸ್ಪತ್ರೆ 22 ಕಿ.ಮೀ. ಅಷ್ಟೇ. ಗಾಡಿ ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಅವರು ಉಳಿಯಲಿಲ್ಲ.

ಹಾಲಿನ ವಿಷಯದಲ್ಲಿ ನಾವು ಹೀಗೆ ಮೈಮರೆಯುವುದಿಲ್ಲ. ಶೀತಲೀಕರಣ ಕೇಂದ್ರ ಎಷ್ಟು ಕಿ.ಮೀ. ಎಂಬುದಕ್ಕಿಂತ ಕ್ಯಾನು ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ನೋಡುತ್ತೇವೆ. ತಡವಾದರೆ ಹಾಲು ಒಡೆಯುತ್ತದೆ.

ಆಸ್ಟ್ರೇಲಿಯಾದವರು ಹೃದಯದ ಚಿಕಿತ್ಸೆಗೂ ಇದೇ ಲೆಕ್ಕ ಹಾಕಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನವಸತಿಗಳನ್ನು ನಕ್ಷೆಯಲ್ಲಿ ಗುರುತಿಸಿ, ಪ್ರತಿ ಊರಿಗೂ ಒಂದು ಅಂಕಿ, ಒಂದು ಅಕ್ಷರ ಕೊಟ್ಟರು. ಅಂಕಿ 1 ಎಂದರೆ ಹೃದಯದ ರಕ್ತನಾಳದ ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ಒಂದು ಗಂಟೆಯೊಳಗಿನ ದಾರಿ. 8 ಎಂದರೆ ಆಂಬುಲೆನ್ಸ್ ಇಲ್ಲ, ಚಿಕಿತ್ಸೆಗೆ ಮೂರು ಗಂಟೆಗಿಂತ ಹೆಚ್ಚು, ವಿಮಾನವೇ ಗತಿ. ಎ ಯಿಂದ ಇ ವರೆಗಿನ ಅಕ್ಷರ, ಮನೆಗೆ ಮರಳಿದ ಮೇಲೆ ವೈದ್ಯರು, ಔಷಧಿ ಅಂಗಡಿ, ರಕ್ತಪರೀಕ್ಷೆ, ಪುನಶ್ಚೇತನ ಸೇವೆ ಹತ್ತಿರವಿವೆಯೇ ಎಂದು ಹೇಳುತ್ತದೆ. ಈ ಎರಡನೆಯದು ನನಗೆ ಬಹಳ ಹಿಡಿಸಿತು. ಹಸು ಕರು ಹಾಕಿದೊಡನೆ ನಮ್ಮ ಆರೈಕೆ ಮುಗಿಯುತ್ತದೆಯೇ?

ಫಲಿತಾಂಶ ನೋಡಿ: ದೇಶದ ನೂರಕ್ಕೆ 71 ಜನ ಒಳ್ಳೆಯ ದರ್ಜೆಯಾದ 1ಎ ಊರುಗಳಲ್ಲಿದ್ದರು, ಮೂಲನಿವಾಸಿಗಳಲ್ಲಿ ಮಾತ್ರ ನೂರಕ್ಕೆ 40. ಸರಾಸರಿಯಲ್ಲಿ ಮುಚ್ಚಿಹೋಗಿದ್ದ ಅಂತರ ಆಗ ಬಯಲಾಯಿತು.

ನಮ್ಮಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ. ಎಲ್ಲರೂ ಹೊತ್ತಿಗೆ ಸರಿಯಾಗಿ ಅಲ್ಲಿಗೆ ತಲುಪಲಾರರು. ಅದಕ್ಕೆಂದೇ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿನಲ್ಲಿ ಅದು ಎಲ್ಲಿದೆ, ರಾತ್ರಿಯೂ ಉಂಟೇ ಎಂದು ಇದೇ ವಾರ ವಿಚಾರಿಸಿ. 108 ಗಾಡಿ ನಿಮ್ಮೂರಿಗೆ ಬರಲು ಎಷ್ಟು ನಿಮಿಷ, ಅಲ್ಲಿಂದ ಆಸ್ಪತ್ರೆಗೆ ಎಷ್ಟು ನಿಮಿಷ, ಎರಡನ್ನೂ ಕೂಡಿ. ಆ ಮೊತ್ತವನ್ನೂ, ರಾತ್ರಿ ಎಬ್ಬಿಸಿದರೆ ಏಳುವ ಇಬ್ಬರು ಚಾಲಕರ ಫೋನ್ ನಂಬರನ್ನೂ ಹಾಲಿನ ದರಪಟ್ಟಿಯ ಪಕ್ಕದಲ್ಲೇ ಅಂಟಿಸಲು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ.