ಆರ್ತೂರೊ ಮಿಚೆಲೇನಾ

ಪಾಠದ ವೇಳೆಯಲ್ಲಿ ವ್ಯಾಕರಣ ಪುಸ್ತಕದ ಅಂಚಿನಲ್ಲಿ ಕುದುರೆ, ಜಟಕಾ, ಮೇಷ್ಟರ ಮೂಗು ಇವುಗಳನ್ನು ಬರೆಯುವ ಹುಡುಗರು ಪ್ರತಿ ತರಗತಿಯಲ್ಲಿಯೂ ಇದ್ದೇ ಇರುತ್ತಾರೆ. ಅಂಥವರ ಕಿವಿ ಹಿಂಡಿದವರಲ್ಲಿ ನಾನೂ ಒಬ್ಬ. ತಮ್ಮ ಮನೆಯಲ್ಲಿ ಅಂಥ ಹುಡುಗನಿದ್ದರೆ, ವೆನೆಜುವೆಲಾ ದೇಶದ ಈ ಚಿತ್ರಕಾರನ ವಿಷಯವನ್ನು ತಾವು ತಿಳಿಯಬೇಕು.

ಆರ್ತೂರೊ ಮಿಚೆಲೇನಾ ಹುಟ್ಟಿದ್ದು 1863ರಲ್ಲಿ, ವಾಲೆನ್ಸಿಯಾ ಪಟ್ಟಣದಲ್ಲಿ. ತಂದೆ ಚಿತ್ರಕಾರ. ತಾಯಿಯ ತಂದೆ ಪೇದ್ರೊ ಕಾಸ್ತಿಯ್ಯೊ, ಸ್ವಾತಂತ್ರ್ಯ ಸಮರದ ವೀರನಾದ ಜನರಲ್ ಪಾಯೆಸನ ಮನೆಯ ಗೋಡೆಗಳ ಮೇಲೆ ಕದನಗಳನ್ನು ಚಿತ್ರಿಸಿದವನು. ಕುಂಚವೆಂಬುದು ಹುಡುಗನಿಗೆ ಎರಡು ಕಡೆಯಿಂದಲೂ ಬಂದ ಆಸ್ತಿ. ಫ್ರಾನ್ಸಿಸ್ಕೊ ದೆ ಸಾಲೆಸ್ ಪೆರೆಸ್ ಎಂಬ ಲೇಖಕನು ತನ್ನ ನಾಡಿನ ಜನರ ನಡವಳಿಕೆಗಳನ್ನು ಕುರಿತು ಬರೆದ ಪುಸ್ತಕಕ್ಕೆ ಚಿತ್ರ ಬರೆದವನು ಈ ಹುಡುಗನೇ. ಪುಸ್ತಕ 1877ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾಯಿತು. ಚಿತ್ರಕಾರನ ವಯಸ್ಸು 14ರ ಆಸುಪಾಸು! ದೊಡ್ಡವನೊಬ್ಬನು ಬಾಲಕನ ಕೈಯನ್ನು ನಂಬಿದನಲ್ಲ, ನನಗೆ ಅದೇ ಹೆಚ್ಚಿನ ಸಂಗತಿಯಾಗಿ ತೋರುತ್ತದೆ.

ಸರಕಾರದ ವೇತನ ದೊರೆತು 1885ರಲ್ಲಿ ಆತನು ಪ್ಯಾರಿಸ್ಸಿಗೆ ಹೋದನು. ಜೂಲಿಯನ್ ಅಕಾಡೆಮಿಯಲ್ಲಿ ಜಾನ್ ಪಾಲ್ ಲೊರಾನ್ಸನ ಬಳಿ ಅಭ್ಯಾಸ. ಎರಡೇ ವರ್ಷದಲ್ಲಿ, 1887ರ ಸಲೋನ್ ಪ್ರದರ್ಶನದಲ್ಲಿ, ‘ರೋಗಿ ಬಾಲಕ’ ಎಂಬ ಚಿತ್ರಕ್ಕೆ ಪದಕ ಬಂದಿತು. ಹಾಸಿಗೆ ಹಿಡಿದ ಹುಡುಗ, ಪಕ್ಕದಲ್ಲಿ ವೈದ್ಯ, ಆತನ ಮಾತಿಗೆ ಕಾದ ಮನೆಯವರು. ಇಷ್ಟೇ ಅದರ ವಸ್ತು. 1889ರ ಜಾಗತಿಕ ಪ್ರದರ್ಶನದಲ್ಲಿ, ವಧಾಸ್ಥಾನಕ್ಕೆ ಹೊರಟ ಷಾರ್ಲೊಟ್ ಕೋರ್ದೆಯ ಚಿತ್ರಕ್ಕೆ ಚಿನ್ನದ ಪದಕವೂ ಬಂದಿತು. ಜನ ಮೆಚ್ಚಿದ್ದು ಇದನ್ನೇ. ಆದರೂ ನನ್ನ ಮನಸ್ಸು ಆ ರೋಗಿ ಬಾಲಕನ ಕಡೆಗೇ ಹೊರಳುತ್ತದೆ. ಏಕೆಂದರೆ ಮುಂದೆ ಚಿತ್ರಕಾರನೇ ಹಾಸಿಗೆ ಹಿಡಿದನು.

ಅದು ಕ್ಷಯ. ಪ್ಯಾರಿಸ್ಸಿನಲ್ಲಿ ಜತೆಯಾಗಿದ್ದ ಸ್ವದೇಶದ ಚಿತ್ರಕಾರ ಕ್ರಿಸ್ತೊಬಲ್ ರೋಹಾಸನನ್ನು ಅದೇ ರೋಗ 1890ರಲ್ಲಿ ಒಯ್ದಿತ್ತು. ಮಿಚೆಲೇನಾ ಆ ವರ್ಷವೇ ಮದುವೆಯಾದವನು. 1892ರಲ್ಲಿ ಪತ್ನಿ ಲಾಸ್ತೆನಿಯಾಳೊಡನೆ ಕರಾಕಸ್ಸಿಗೆ ಹಿಂತಿರುಗಿದನು. ಮಲಗಿ ಕೊರಗಿದನೇ? ಇಲ್ಲ. 1896ರಲ್ಲಿ, ಸ್ಪೇನಿನ ಸೆರೆಮನೆಯಲ್ಲಿ 1816ರಲ್ಲಿ ಮಡಿದ ದೇಶಭಕ್ತ ಮಿರಾಂದನನ್ನು ಚಿತ್ರಿಸಿದನು. ಅದಕ್ಕಾಗಿ ಒರಗಿ ಕುಳಿತು ರೂಪ ಕೊಟ್ಟವನು ಸಾಹಿತಿ ಎದ್ವಾರ್ದೊ ಬ್ಲಾಂಕೊ. ಮಂಚದ ಮೇಲೆ ಮೊಣಕೈಯೂರಿ ನಮ್ಮತ್ತಲೇ ನೋಡುವ ಆ ಸೆರೆಯಾಳಿನ ದೃಷ್ಟಿಯಲ್ಲಿ ಬೇಡಿಕೆಯಿಲ್ಲ.

1898ರ ಜುಲೈ 29ರಂದು, 35ನೆಯ ವಯಸ್ಸಿನಲ್ಲಿ, ಮಿಚೆಲೇನಾ ತೀರಿಕೊಂಡನು. ಯೇಸುವಿನ ಕಡೆಯ ಭೋಜನದ ಚಿತ್ರ ಅರ್ಧಕ್ಕೇ ನಿಂತಿತ್ತು.